ಝಾಪ್ಫಿನೋ ಬಾಲಗಳಿಗೆ ಜಾಗ ಬಿಡಿ

ಜರ್ಮನಿಯ ಅಕ್ಷರ ವಿನ್ಯಾಸಕ ಹರ್ಮನ್ ಝಾಪ್ಫ್ 1944ರಲ್ಲಿ ಲೇಖನಿಯಿಂದ ಬರೆದಿಟ್ಟ, ಉದ್ದ ಬಾಲಗಳ ಕೈಬರಹವೇ ಝಾಪ್ಫಿನೋ ಎಂಬ ಇಂಗ್ಲಿಷ್ ಫಾಂಟಿನ ಮೂಲ. ಸೀಸದ ಅಚ್ಚಿನ ಮೊಳೆಯಲ್ಲಿ ಅಂಥ ಉದ್ದ ಬಾಲಗಳನ್ನು ಎರಕ ಹೊಯ್ಯುವುದು ಕಷ್ಟ. ಮೊಳೆಯ ಅಂಚಿನಾಚೆ ಚಾಚಿದ ಭಾಗ ಸುಲಭವಾಗಿ ಮುರಿಯುತ್ತದೆ. ಕಂಪ್ಯೂಟರಿನಲ್ಲಿ ಆ ತೊಡಕಿಲ್ಲ. ಫಾಂಟ್ ಕಂಪನಿ ಲೈನೋಟೈಪ್ 1998ರಲ್ಲಿ ಇದನ್ನು ಹೊರತಂದಿತು. ಆಮೇಲೆ ಮ್ಯಾಕ್‌ನಲ್ಲೂ ಸೇರಿಕೊಂಡಿತು. ಮ್ಯಾಕ್ ಆವೃತ್ತಿಯಲ್ಲಿ ಫಾಂಟಿನ ಹೆಸರನ್ನೇ (Zapfino) ಟೈಪ್ ಮಾಡಿದರೆ ಏಳೂ ಅಕ್ಷರ ಕೂಡಿ ಒಂದೇ ಚಿತ್ರವಾಗುತ್ತವೆ, ಮಾಡಿ ನೋಡಿ.

ಇದರಲ್ಲಿ ಸಣ್ಣಕ್ಷರಗಳ ಒಡಲು ಪುಟ್ಟದು, ‘ಡಿ’, ‘ಎಚ್’ಗಳ ತಲೆ ಎತ್ತರ, ‘ಜಿ’, ‘ವೈ’ಗಳ ಬಾಲ ಇನ್ನೂ ಉದ್ದ. ಹಾಗಾಗಿ ಪಾಯಿಂಟ್ ಸಂಖ್ಯೆ ನೋಡಿ ಅಳತೆ ನಿರ್ಧರಿಸಬೇಡಿ. ಪ್ರಿಂಟ್ ತೆಗೆದು ‘ಒ’ (o) ಸಣ್ಣಕ್ಷರದ ಎತ್ತರ ಅಳೆಯಿರಿ, 2 ಮಿಲಿಮೀಟರಿಗಿಂತ ಕಡಿಮೆ ಬಂದರೆ ಗಾತ್ರ ಹೆಚ್ಚಿಸಿ. ಹೆಸರು, ಶೀರ್ಷಿಕೆ, ಒಂದೆರಡು ಪದದ ಲೋಗೊ, ಪ್ರಮಾಣಪತ್ರದ ತಲೆಬರಹ: ಇಷ್ಟಕ್ಕೇ ಸಾಕು. ಪ್ಯಾರಾಗಟ್ಟಲೆ ಹಾಕಿದರೆ ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ತಲೆಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ದೊಡ್ಡಕ್ಷರದಲ್ಲಂತೂ ಹಾಕಲೇಬೇಡಿ. ಮುಂದೆ ಸಣ್ಣಕ್ಷರ ಬರುತ್ತದೆಂದು ಎಳೆದ ಬಳುಕುಗಳು ಒಂದರ ಮೇಲೊಂದು ಬಿದ್ದು ಓದಲಾಗುವುದಿಲ್ಲ.

ಹೆಚ್ಚಿನವರು ಎಡವುವುದು ಅಕ್ಷರಗಳ ನಡುವಿನ ಅಂತರದಲ್ಲಿ. ಇದು ಕೂಡಿಸಿ ಬರೆದಂತಿರುವ ಬರಹ. ಆ ಅಂತರ ಹೊಂದಿಸುವ ‘ಟ್ರ್ಯಾಕಿಂಗ್’ ಸೊನ್ನೆಯಲ್ಲೇ ಇರಲಿ. ಹಿಗ್ಗಿಸಿದರೆ ಕೊಂಡಿ ಕಳಚುತ್ತದೆ. ವೆಬ್‌ನಲ್ಲಿ ಅಕ್ಷರದ ಅಂತರ ಬದಲಿಸಿದರೆ ಬ್ರೌಸರ್‌ಗಳು ಸಾಮಾನ್ಯವಾಗಿ ಲಿಗೇಚರ್‌ಗಳನ್ನೂ, ಅಂದರೆ ಕೂಡಿಕೊಂಡ ಅಕ್ಷರರೂಪಗಳನ್ನೂ, ಕೈಬಿಡುತ್ತವೆ. ‘ಯಾಕೋ ಬೇರೆ ಫಾಂಟಿನ ಹಾಗೆ ಕಾಣುತ್ತಿದೆ’ ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಒಂದೇ ಅಕ್ಷರಕ್ಕೆ ಹಲವು ರೂಪಗಳಿವೆ. ಪದದಲ್ಲಿ ಎರಡು ‘ಇ’ (e) ಇದ್ದರೆ, ಆ ರೂಪಗಳನ್ನೆಲ್ಲ ತೋರಿಸುವ ಗ್ಲಿಫ್ ಪ್ಯಾನೆಲ್ ತೆರೆದು ಒಂದಕ್ಕೆ ಬೇರೆ ರೂಪ ಕೊಡಿ, ಕೈಬರಹದ ಜೀವ ಬರುತ್ತದೆ. ಆದರೆ ಒಂದು ಪದಕ್ಕೆ ಒಂದೇ ದೊಡ್ಡ ಬಳುಕು, ಅದೂ ಮೊದಲಲ್ಲೋ ಕೊನೆಯಲ್ಲೋ. ನಡುವೆ ಹಾಕಿದ ಬಳುಕು ನನ್ನ ಕಣ್ಣಿಗೆ ಯಾವಾಗಲೂ ಗೀಚಿದಂತೆ ಕಾಣುತ್ತದೆ.

ಬಾಲ ತುಂಡಾದರೆ ಫಾಂಟನ್ನು ದೂರಬೇಡಿ. ವರ್ಡ್‌ನಲ್ಲಿ ಸಾಲಿನ ಅಂತರ ‘ಎಕ್ಸಾಕ್ಟ್ಲಿ’ ಎಂದಿದ್ದರೆ, ವೆಬ್‌ನಲ್ಲಿ ‘ಓವರ್‌ಫ್ಲೋ ಹಿಡನ್’ ಇದ್ದರೆ, ಚೌಕಟ್ಟಿನಾಚೆ ಹೋದದ್ದು ಕತ್ತರಿಸಿಹೋಗುತ್ತದೆ. ಪಠ್ಯದ ಸುತ್ತ ಪ್ಯಾಡಿಂಗ್ (ಖಾಲಿ ಜಾಗ) ಕೊಡಿ.

ಅಚ್ಚಿಗೆ ಕಳಿಸುವ ಮುನ್ನ ಪಠ್ಯವನ್ನು ಔಟ್‌ಲೈನ್ ಮಾಡಿ (ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿ), ತಿದ್ದಬಹುದಾದ ಪ್ರತಿ ಬೇರೆ ಇಟ್ಟುಕೊಳ್ಳಿ. ಲೇಸರ್ ಅಥವಾ ವಿನೈಲ್ ಕಟಿಂಗ್ ಆದರೆ ಔಟ್‌ಲೈನ್ ಅಷ್ಟೇ ಸಾಲದು: ಒಂದರ ಮೇಲೊಂದು ಬಂದ ಆಕಾರಗಳನ್ನು ‘ಯುನೈಟ್’ ಮಾಡಿ ಒಂದಾಗಿಸದಿದ್ದರೆ ಅಕ್ಷರ ಕೂಡುವಲ್ಲೆಲ್ಲ ಬ್ಲೇಡು ಗೀರು ಹಾಕುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ಶಾಯಿ ಹರಡಿ ಕೂದಲೆಳೆಯಂಥ ಗೆರೆಗಳು ಮುಚ್ಚಿಹೋಗುತ್ತವೆ. ಅಲ್ಲಿ ಔಟ್‌ಲೈನಿಗೆ 0.25 ಪಾಯಿಂಟಿನ ಬಿಳಿ ಸ್ಟ್ರೋಕ್ ಸೇರಿಸಿ, ಇಲ್ಲವೇ 2003ರ ಝಾಪ್ಫಿನೋ ಎಕ್ಸ್‌ಟ್ರಾದಲ್ಲಿರುವ ದಪ್ಪ ‘ಫೋರ್ಟೆ’ ಬಳಸಿ.