ತಪ್ಪು ಯಾರದ್ದು, ಸೈಕಲ್‌ನವರದ್ದೋ ಕಾರಿನವರದ್ದೋ?

ವಾರಕ್ಕೆ ಮೂರು ದಿನ ನಾನು ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ, ಎರಡು ದಿನ ಕಾರಿನಲ್ಲಿ. ಬೆಂಗಳೂರಿನ ಜೆ.ಪಿ. ನಗರದಿಂದ ಎಚ್.ಎಸ್.ಆರ್. ಲೇಔಟ್‌ಗೆ, ಹೆಚ್ಚುಕಮ್ಮಿ ಎಂಟೊಂಬತ್ತು ಕಿಲೋಮೀಟರು. ಇದು ಗೊತ್ತಿರುವವರು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತರೂ ಸರಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕರೂ ಸರಿ, ಕೇಳುವುದು ಒಂದೇ ಪ್ರಶ್ನೆ. "ನೀವು ಎರಡೂ ಓಡಿಸ್ತೀರಲ್ಲ, ನೀವೇ ಹೇಳಿ. ಈ ಸೈಕಲ್‌ನವರಿಗೆ ಯಾಕೆ ಇಷ್ಟು ಅಸಡ್ಡೆ? ಸಿಗ್ನಲ್ ನೋಡಲ್ಲ, ರಾಂಗ್ ಸೈಡಲ್ಲಿ ಬರ್ತಾರೆ, ರೋಡ್ ಮಧ್ಯದಲ್ಲೇ ಹೋಗ್ತಾರೆ, ಹಾರ್ನ್ ಹೊಡೆದರೂ ಸರಿಯಲ್ಲ. ಏನಾದ್ರೂ ಆದರೆ ಮಾತ್ರ ತಪ್ಪು ಕಾರಿನವರದ್ದು."

ಕೇಳುವವರ ಸಿಟ್ಟು ಸುಳ್ಳಲ್ಲ. ಸ್ಟಿಯರಿಂಗ್ ಹಿಡಿದಾಗ ನನಗೂ ಅದೇ ಸಿಟ್ಟು ಬಂದಿದೆ. ಆದರೆ ಇದರಲ್ಲಿ ಕೆಲವು ತಪ್ಪೇ ಅಲ್ಲ, ಕೆಲವಕ್ಕೆ ಕ್ಷಮೆಯೇ ಇಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ "ಸೈಕಲ್‌ನವರು" ಅಂತ ಹೆಸರು ಕಟ್ಟಿಬಿಟ್ಟರೆ ಯಾವುದೂ ಸರಿಹೋಗುವುದಿಲ್ಲ. ನಾನು ಪ್ರತಿ ದೂರಿಗೂ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಆ ಮನುಷ್ಯನಿಗೆ ಅಲ್ಲಿ ಬೇರೆ ದಾರಿ ಇತ್ತಾ?

ರಸ್ತೆ ಮಧ್ಯದಲ್ಲಿ ಹೋಗುವ ಮಾತು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇದಕ್ಕೆ ನಾನು ಬೈಸಿಕೊಂಡಷ್ಟು ಇನ್ಯಾವುದಕ್ಕೂ ಬೈಸಿಕೊಂಡಿಲ್ಲ. ಕಾರಿನ ಸೀಟಿನಿಂದ ನೋಡಿದರೆ ರಸ್ತೆಯ ಎಡ ಅಂಚು ಖಾಲಿ ಕಾಣುತ್ತದೆ. ಸೈಕಲ್ಲಿನ ಮೇಲೆ ಕೂತು ನೋಡಿ. ಮೊದಲ ಮಳೆ ಬಂದು ಹೋದ ಮೇಲೆ ಅಲ್ಲಿ ಒಂದು ಮೊಳ ಅಗಲ ಮರಳು ಕೂತಿರುತ್ತದೆ. ತೆಳುವಾದ ಟೈರು ಅದರ ಮೇಲೆ ಜಾರಿದರೆ ಬೀಳುವುದು ಬಲಕ್ಕೆ, ಬಸ್ಸಿನ ಚಕ್ರದ ಕಡೆಗೆ. ಚರಂಡಿಯ ಜಾಲರಿಯ ಕಂಬಿಗಳು ಎಷ್ಟೋ ಕಡೆ ರಸ್ತೆಯ ಉದ್ದಕ್ಕೇ ಇರುತ್ತವೆ, ಮುಂದಿನ ಚಕ್ರ ಸರಿಯಾಗಿ ಕಂಬಿಗಳ ಸಂದಿಗೆ ಇಳಿಯುವ ಹಾಗೆ. ಆಮೇಲೆ ನಿಲ್ಲಿಸಿದ ಕಾರುಗಳ ಸಾಲು. ಒಳಗೆ ಯಾರಾದರೂ ಇದ್ದಾರಾ, ಬಾಗಿಲು ತೆಗೆಯುತ್ತಾರಾ ಅಂತ ಹಿಂದಿನ ಗಾಜಿನಲ್ಲಿ ಇಣುಕುತ್ತಾ ತುಳಿಯಬೇಕು. ಆ ಬಾಗಿಲಿಗೆ ಸಿಗದಷ್ಟು ದೂರ ಇಟ್ಟುಕೊಂಡರೆ ಸೈಕಲ್ಲು ತಾನಾಗಿಯೇ ಎಡ ಲೇನಿನ ನಡುವಿಗೆ ಬರುತ್ತದೆ. ಹಿಂದಿರುವವರಿಗೆ ಅದು ಸೊಕ್ಕಿನಂತೆ ಕಾಣುತ್ತದೆ. "ರೋಡು ನಿಮ್ಮಪ್ಪಂದಾ?" ಎಂದು ಗಾಜು ಇಳಿಸಿ ಕೇಳಿದವರಿದ್ದಾರೆ. ಬದಿಗೆ ಒತ್ತಿಕೊಂಡು ಹೋಗಿ, ಪ್ರತಿ ನಿಂತ ಆಟೋಗೂ ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ನುಗ್ಗಿ, ಹಾವಿನ ಹಾಗೆ ಹೋಗುವುದು ಇದಕ್ಕಿಂತ ಎಷ್ಟೋ ಅಪಾಯ. ನೇರವಾಗಿ, ಕಣ್ಣಿಗೆ ಕಾಣುವ ಹಾಗೆ, ಎಲ್ಲಿದ್ದೇನೋ ಅಲ್ಲೇ ಹೋಗುವವನು ನಿಮಗೆ ಉಪಕಾರವನ್ನೇ ಮಾಡುತ್ತಿರುತ್ತಾನೆ. ಈ ವಿಷಯದಲ್ಲಿ ನಾನು ಸೈಕಲ್‌ನವರ ಪರ, ಎರಡು ಮಾತಿಲ್ಲ.

ಸಿಗ್ನಲ್ ಜಂಪ್ ಮಾಡುವುದರಲ್ಲಿ ಹಾಗಲ್ಲ.

ನಾನೂ ಮಾಡುತ್ತಿದ್ದೆ. ನಿಂತ ಸೈಕಲ್ಲಿಗೆ ಮತ್ತೆ ವೇಗ ಬರಿಸುವುದು ಕಾಲಿಗೆ ಕಷ್ಟ. ಹಸಿರು ಬೀಳುತ್ತಿದ್ದಂತೆ ಹಿಂದಿನಿಂದ ಮೂವತ್ತು ಬೈಕುಗಳು ಒಟ್ಟಿಗೆ ನುಗ್ಗುವಾಗ ನಡುವೆ ಸಿಕ್ಕಿಕೊಳ್ಳುವುದು ಭಯ. ಹಾಗಾಗಿ ಅಡ್ಡ ರಸ್ತೆ ಖಾಲಿ ಕಂಡರೆ ಕೆಂಪಿನಲ್ಲೇ ದಾಟಿಬಿಡುವುದು. ಒಂದು ಡಿಸೆಂಬರಿನ ಸಂಜೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಹೀಗೇ ದಾಟುವಾಗ ನಾನು ನೋಡಿದ್ದು ಗಾಡಿಗಳನ್ನು ಮಾತ್ರ. ಜೀಬ್ರಾ ಪಟ್ಟಿಯ ಮೇಲೆ ಒಬ್ಬರು ವಯಸ್ಸಾದ ಹೆಂಗಸು ಬರುತ್ತಿದ್ದರು. ಎರಡೂ ಬ್ರೇಕು ಒತ್ತಿದೆ. ಹ್ಯಾಂಡಲ್ಲು ಅವರ ಕೈಚೀಲಕ್ಕೆ ತಾಗಿ, ಅವರೆಕಾಯಿ ರಸ್ತೆ ತುಂಬ ಚೆಲ್ಲಿತು. ಅವರು ಬೀಳಲಿಲ್ಲ. ಇನ್ನೊಂದು ಅಡಿ ಮುಂದೆ ಬಂದಿದ್ದರೆ ಬೀಳುತ್ತಿದ್ದರು, ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಅಂತ ನಮ್ಮ ಅಜ್ಜಿಯನ್ನು ನೋಡಿ ನನಗೆ ಗೊತ್ತು. ಇಬ್ಬರೂ ಬಗ್ಗಿ ಕಾಯಿ ಆರಿಸುವಾಗ ಅವರು ಬೈಯಲೂ ಇಲ್ಲ. "ನಮಗೆ ಹಸಿರು ಬಿದ್ದಿತ್ತು ಕಣಪ್ಪ" ಎಂದರು, ಅಷ್ಟೇ. ಅವತ್ತಿನಿಂದ ನಾನು ಒಂದು ಸಿಗ್ನಲ್ಲೂ ಹಾರಿಲ್ಲ. ನನಗೆ ಅಲ್ಲಿ ಬೇರೆ ದಾರಿ ಇತ್ತು. ಅರವತ್ತು ಸೆಕೆಂಡು ನಿಲ್ಲುವುದು.

ಸೈಕಲ್ಲಿಗೆ ಕಾನೂನೇ ಇಲ್ಲ ಅಂದುಕೊಂಡವರು ಎರಡೂ ಕಡೆ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಅದು ಮೋಟಾರು ವಾಹನ ಅಲ್ಲ, ನಿಜ. ಲೈಸೆನ್ಸು, ನಂಬರ್ ಪ್ಲೇಟು, ಇನ್ಶೂರೆನ್ಸು ಯಾವುದೂ ಬೇಡ. ಆದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಹಳೆಯ ಐಪಿಸಿಯಲ್ಲಿ 279 ಇದ್ದದ್ದು, ಸಾರ್ವಜನಿಕ ರಸ್ತೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಯಾವುದೇ ವಾಹನ ಓಡಿಸಿದರೂ ಅಪರಾಧ ಎನ್ನುತ್ತದೆ. ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಲಿ ಮೋಟಾರು ಎಂಬ ಪದವಿಲ್ಲ. ನಮ್ಮ ತಂದೆಯ ಕಾಲದಲ್ಲಿ ಮೈಸೂರಿನಲ್ಲಿ ರಾತ್ರಿ ದೀಪವಿಲ್ಲದೆ ಬಂದರೆ ಪೊಲೀಸರು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದರಂತೆ. ಡಬಲ್ ರೈಡಿಂಗಿಗೂ ಅದೇ ಶಿಕ್ಷೆ. ಸೈಕಲ್ಲನ್ನು ಆಗ ಒಂದು ವಾಹನ ಅಂತ ಲೆಕ್ಕಕ್ಕೆ ಇಟ್ಟುಕೊಂಡಿದ್ದರು. ಈಗ ತಪ್ಪು ಮಾಡಿದರೂ ಯಾರೂ ತಡೆಯುವುದಿಲ್ಲ, ಸರಿಯಾಗಿ ಹೋದರೂ ಯಾರೂ ಜಾಗ ಬಿಡುವುದಿಲ್ಲ.

ಇನ್ನು ರಾಂಗ್ ಸೈಡು. ಇದನ್ನು ಬರೆಯುವುದಕ್ಕೇ ಈ ಲೇಖನ ಶುರು ಮಾಡಿದೆ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ, ಕಾರಿನಲ್ಲಿ ಮನೆಗೆ ಬರುತ್ತಿದ್ದೆ. ಔಟರ್ ರಿಂಗ್ ರೋಡು, ಬೀದಿ ದೀಪ ಕೆಟ್ಟಿದ್ದ ಜಾಗ, ಎದುರಿನ ಗಾಡಿಗಳ ಹೈ ಬೀಮ್ ಒದ್ದೆ ಗಾಜಿನ ಮೇಲೆ ಚೂರುಚೂರಾಗಿ ಹರಡಿತ್ತು. ಎಡಕ್ಕೆ ಬರೋಣ ಅಂತ ಸ್ವಲ್ಪ ತಿರುಗಿಸಿದರೆ, ಬಾನೆಟ್ಟಿನ ಮುಂದೆಯೇ ಒಬ್ಬ ಮನುಷ್ಯ. ಕಡುನೀಲಿ ಯೂನಿಫಾರ್ಮು, ತಲೆಗೆ ಪ್ಲಾಸ್ಟಿಕ್ ಕವರು, ಹ್ಯಾಂಡಲ್ಲಿಗೆ ಊಟದ ಡಬ್ಬಿ. ಸೈಕಲ್ಲಿಗೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ನಾನು ಬ್ರೇಕ್ ಒತ್ತಿದೆ, ಅವರು ಹೆದರಿ ಕಾಲು ಊರಿದರು. ನಡುವೆ ಉಳಿದದ್ದು ಒಂದು ಮಾರು.

ಇಳಿದು ಕೂಗಾಡಿದೆ. ಅದನ್ನು ಮುಚ್ಚಿಡುವುದಿಲ್ಲ. ನನ್ನ ಕೈಕಾಲು ನಡುಗುತ್ತಿತ್ತು. ಅವರು ಸುಮ್ಮನೆ ಕೇಳಿಸಿಕೊಂಡು, "ತಪ್ಪಾಯ್ತ್ರೀ ಸರ" ಎಂದರು. ಆಮೇಲೆ, ಮಳೆಯಲ್ಲೇ, ಕೈ ತೋರಿಸಿ ವಿವರಿಸಿದರು. ಊರು ಸಿಂಧನೂರು ಕಡೆ. ಅವರು ಕಾವಲಿಗಿರುವ ಕಟ್ಟಡ ಅಲ್ಲೇ ಕಾಣುವಷ್ಟು ಹತ್ತಿರ, ರಸ್ತೆಯ ಇದೇ ಬದಿಯಲ್ಲಿ, ಮುನ್ನೂರು ಹೆಜ್ಜೆ. "ಸರಿ ಸೈಡಿನ್ಯಾಗ ಬರ್ಬೇಕಂದ್ರ ಅಲ್ಲಿಗಂಟ ಹೋಗಿ ಯೂ ಟರ್ನ್ ತಗೊಂಡು ಬರ್ಬೇಕ್ರೀ. ಹೋಗೋದು ಬರೋದು ಮೂರು ಕಿಲೋಮೀಟರ್ ಆಗ್ತದ. ಎಂಟಕ್ಕ ಹಾಜರಿ. ತಡ ಆದ್ರ ಅರ್ಧ ದಿನದ ಪಗಾರ ಹಿಡೀತಾರ್ರೀ ಸರ."

ಮನೆಗೆ ಬಂದ ಮೇಲೂ ಆ ಮೂರು ಕಿಲೋಮೀಟರು ತಲೆಯಿಂದ ಹೋಗಲಿಲ್ಲ. ಕಾರಿಗೆ ಅದು ಐದು ನಿಮಿಷ, ಹಾಡು ಕೇಳುತ್ತಾ ಮುಗಿದುಹೋಗುತ್ತದೆ. ಹನ್ನೆರಡು ಗಂಟೆಯ ಪಾಳಿ ಮಾಡುವ ಐವತ್ತರ ಮನುಷ್ಯನಿಗೆ, ಗೇರಿಲ್ಲದ ಭಾರದ ಸೈಕಲ್ಲಿನಲ್ಲಿ, ಹದಿನೈದು ನಿಮಿಷದ ತುಳಿತ. ಅದೂ ದಿನಾ. ಸಿಗ್ನಲ್ ಇಲ್ಲದೆ ಗಾಡಿಗಳು ಓಡಲಿ ಅಂತ ಡಿವೈಡರುಗಳ ಬಾಯಿ ಮುಚ್ಚಿ, ತಿರುವುಗಳನ್ನು ದೂರ ದೂರ ಇಟ್ಟಾಗ ಆ ಲೆಕ್ಕ ಹಾಕಿದ್ದು ಕಾರಿನ ಕಾಲಕ್ಕೆ, ತುಳಿಯುವ ಕಾಲಿಗಲ್ಲ. ಊರಾಚೆಯೂ ಇದೇ ಕಥೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶ ಇಲ್ಲ. ಅಷ್ಟು ವೇಗದ ರಸ್ತೆಯಲ್ಲಿ ಅದು ಬೇಕಾದದ್ದೇ, ನಾನು ವಿರೋಧಿಸುವುದಿಲ್ಲ. ಆದರೆ ರಸ್ತೆ ದಾಟಬೇಕಾದ ರೈತ ಹುಲ್ಲಿನ ಹೊರೆ ಕಟ್ಟಿಕೊಂಡು ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು. ಸರ್ವಿಸ್ ರಸ್ತೆಯಲ್ಲಿ ಅವನು ಎದುರಿನಿಂದ ಬಂದರೆ ನಮಗೆ ಬುದ್ಧಿಯಿಲ್ಲದವನಂತೆ ಕಾಣುತ್ತಾನೆ.

ಇಷ್ಟು ಹೇಳಿ ರಾಂಗ್ ಸೈಡು ಸರಿ ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ. ಅದು ಜೀವ ತೆಗೆಯುತ್ತದೆ. ಅರವತ್ತರಲ್ಲಿ ಬರುವ ಕಾರಿಗೆ ಹನ್ನೆರಡರಲ್ಲಿ ಎದುರು ಬಂದರೆ ಇಬ್ಬರ ನಡುವಿನ ದೂರ ಸೆಕೆಂಡಿಗೆ ಇಪ್ಪತ್ತು ಮೀಟರಿನಂತೆ ಕರಗುತ್ತದೆ. ಕತ್ತಲಲ್ಲಿ ನೀಲಿ ಬಟ್ಟೆ ನಲವತ್ತು ಮೀಟರಿನಲ್ಲಿ ಕಂಡಿತು ಅಂದರೆ ಕೈಯಲ್ಲಿರುವುದು ಎರಡೇ ಸೆಕೆಂಡು. ಅದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಮೂರು. ಗಾಬರಿಯಾಗಿ ಕಾಲು ಬ್ರೇಕಿಗೆ ಹೋಗುವುದರಲ್ಲೇ ಒಂದೂವರೆ ಸೆಕೆಂಡು ಕಳೆದಿರುತ್ತದೆ. ದೀಪವೊಂದಿದ್ದರೆ ಇನ್ನೂರು ಮೀಟರಿನಿಂದಲೇ ಕಾಣುತ್ತದೆ. ಹೊಸ ಸೈಕಲ್ಲುಗಳಿಗೆ ರಿಫ್ಲೆಕ್ಟರ್ ಇರಬೇಕು, ಅದು ಗುಣಮಟ್ಟಕ್ಕೆ ತಕ್ಕಂತಿರಬೇಕು ಅಂತ ಕೇಂದ್ರ ಸರ್ಕಾರ 2020ರಲ್ಲೇ ಆದೇಶ ಮಾಡಿದೆ. ಆದರೆ ದುಡಿಯುವವರ ಸೈಕಲ್ಲು ಹೊಸದಿರುವುದಿಲ್ಲ. ಅಣ್ಣನದ್ದೋ, ಗುಜರಿಯದ್ದೋ, ಊರಿಗೆ ಹೋದವನು ಬಿಟ್ಟುಹೋದದ್ದೋ ಆಗಿರುತ್ತದೆ.

ದಾರಿ ಬೇಕಾದಷ್ಟಿದ್ದೂ ಅಸಡ್ಡೆ ಮಾಡುವವರು ನನ್ನಂಥವರು. ಭಾನುವಾರ ಬೆಳಗಿನ ಜಾವ ಹೆಲ್ಮೆಟ್ಟು ಹಾಕಿಕೊಂಡು, ಬೈಕಿಗಿಂತ ದುಬಾರಿ ಸೈಕಲ್ಲೇರಿ ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟಕ್ಕೆ ಹೊರಡುವವರು. ಇಬ್ಬಿಬ್ಬರಾಗಿ ಜೊತೆಯಲ್ಲಿ ಹೋಗುವುದಕ್ಕೆ ಅರ್ಥವಿದೆ: ಹನ್ನೆರಡು ಜನರ ಸಾಲು ಅರ್ಧ ಗಿಡ್ಡವಾಗುತ್ತದೆ, ಹಿಂದಿನ ಕಾರು ಬೇಗ ದಾಟಿಕೊಂಡು ಹೋಗಬಹುದು. ಆದರೆ ನಾಲ್ಕು ಜನ ಅಡ್ಡಡ್ಡ ಹೋಗುತ್ತಾ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ವೇಗದ ದಾಖಲೆ ಕೆಡುತ್ತದೆ ಅಂತ ಕೆಂಪು ದೀಪಕ್ಕೂ ನಿಲ್ಲದೆ ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ನಮಗೆ ನಿಯಮ ಗೊತ್ತು, ದೀಪ ಕೊಳ್ಳಲು ದುಡ್ಡಿದೆ, ಕಳೆದುಕೊಳ್ಳಲು ಅರ್ಧ ದಿನದ ಸಂಬಳವಿಲ್ಲ. ನಮ್ಮನ್ನು ನೋಡಿ ಸಿಟ್ಟಾದ ಕಾರಿನವನು ಆ ಸಿಟ್ಟನ್ನು ಸೋಮವಾರ ತೀರಿಸಿಕೊಳ್ಳುವುದು ಹೂವಿನ ಬುಟ್ಟಿ ಕಟ್ಟಿಕೊಂಡ ಸೈಕಲ್ಲಿನ ಮೇಲೆ, ಟೀ ಫ್ಲಾಸ್ಕಿನ ಸೈಕಲ್ಲಿನ ಮೇಲೆ. ಇದು ನನ್ನನ್ನು ತುಂಬ ಕಾಡುತ್ತದೆ.

"ಸೈಕಲ್ ಟ್ರ್ಯಾಕ್ ಮಾಡಿಕೊಟ್ಟರೂ ನೀವು ಅದರಲ್ಲಿ ಹೋಗಲ್ಲ" ಅನ್ನುವವರೂ ಇದ್ದಾರೆ. ಜಯನಗರದಲ್ಲಿ 2012ರ ಸುಮಾರಿಗೆ ಮಾಡಿದ ಪಥಗಳ ಮೇಲೆ ಈಗ ಕಾರು ನಿಂತಿವೆ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಸಣ್ಣ ಕಂಬಗಳನ್ನು ನೆಟ್ಟು ಸೈಕಲ್ಲಿಗೆ ಲೇನು ಬಿಟ್ಟರು. ಕೆಲವು ದಿನ ನಾನು ಅಲ್ಲಿ ಎದೆ ಹಗುರಾಗಿ ತುಳಿದಿದ್ದೇನೆ. ಆಮೇಲೆ ಬೈಕುಗಳು ನುಗ್ಗಿದವು, ಕಂಬಗಳು ಒಂದೊಂದೇ ಮುರಿದವು.

ಕಾರಿನವರಿಗೆ ನಾನು ಕೇಳಿಕೊಳ್ಳುವುದು ಹೆಚ್ಚೇನಲ್ಲ. ಸೈಕಲ್ಲಿನ ಬೆನ್ನ ಹಿಂದೆಯೇ ಬಂದು ಹಾರ್ನ್ ಒತ್ತಬೇಡಿ; ಆ ಸದ್ದಿಗೆ ಕೈ ಬೆಚ್ಚಿ ಹ್ಯಾಂಡಲ್ಲು ಹೊರಳುತ್ತದೆ, ಯಾವ ಕಡೆಗೆ ಅಂತ ತುಳಿಯುವವನಿಗೂ ಗೊತ್ತಿರುವುದಿಲ್ಲ. ದಾಟುವಾಗ ಒಂದು ಕಾರಿನ ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಡಿ. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ಬನ್ನಿ. ನಾನು ಎಷ್ಟೋ ಸಲ ನೋಡಿದ್ದೇನೆ, ರೊಯ್ಯನೆ ದಾಟಿಕೊಂಡು ಹೋದ ಕಾರು ಮುಂದಿನ ಸಿಗ್ನಲ್ಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಸೈಕಲ್ಲನ್ನು ದಾಟಿದ ಕೂಡಲೇ ಅದರ ಮುಂದೆಯೇ ಎಡಕ್ಕೆ ತಿರುಗಬೇಡಿ. ನಾನು ಎರಡು ಸಲ ಬಿದ್ದದ್ದೂ ಹಾಗೆಯೇ.

ಆ ಕಾವಲುಗಾರರ ಕಟ್ಟಡದ ಮುಂದೆ ಮರುವಾರ ಸೈಕಲ್ ನಿಲ್ಲಿಸಿದೆ. ಕೂಗಾಡಿದ್ದಕ್ಕೆ ಕ್ಷಮೆ ಕೇಳಿ, ಮುಂದಕ್ಕೊಂದು ಹಿಂದಕ್ಕೊಂದು ಬ್ಯಾಟರಿ ದೀಪ ಕಟ್ಟಿಕೊಟ್ಟೆ. ಚಾರ್ಜ್ ಮಾಡುವುದು ಹೇಗೆ ಅಂತ ಎರಡು ಸಲ ಕೇಳಿ ತಿಳಿದುಕೊಂಡರು. "ಊರಾಗ ಡೈನಮೋ ಇತ್ರೀ, ತುಳದಷ್ಟು ಬೆಳಕು" ಎಂದರು. ಬೆಳಗ್ಗೆ ಪಾಳಿ ಮುಗಿಸಿ ಹೋಗುವಾಗ ರಸ್ತೆಯ ದಿಕ್ಕಿನಲ್ಲೇ ಹೋಗುತ್ತಾರೆ. ರಾತ್ರಿ ಬರುವಾಗ ಈಗಲೂ ಎದುರಿನಿಂದಲೇ, ಆದರೆ ಆ ಮುನ್ನೂರು ಹೆಜ್ಜೆ ಇಳಿದು ತಳ್ಳಿಕೊಂಡು ಬರುತ್ತಾರೆ, ದೀಪ ಉರಿಸಿಕೊಂಡು. ಕಾರಿನಲ್ಲಿ ಬರುವ ದಿನ ಆ ಜಾಗ ಹತ್ತಿರವಾದಂತೆ ನಾನು ಹೈ ಬೀಮ್ ಇಳಿಸಿ, ನಲವತ್ತಕ್ಕೆ ಬಂದು, ಆ ಸಣ್ಣ ಬಿಳಿ ಬೆಳಕು ಎಲ್ಲಿದೆ ಅಂತ ನೋಡುತ್ತೇನೆ.