ಆರ್‌ಬಿ67 ತಗೊಳ್ಳುವವರಿಗೆ: ಬಾಡಿ ಆಮೇಲೆ, ಲೆನ್ಸ್ ಮೊದಲು

ಮೀಡಿಯಂ ಫಾರ್ಮ್ಯಾಟ್, ಅಂದರೆ 35 ಎಂಎಂಗಿಂತ ದೊಡ್ಡ ನೆಗೆಟಿವ್ ಬರುವ, ಫಿಲ್ಮ್ ಕ್ಯಾಮೆರಾ ತಗೋಬೇಕು ಅಂತ ಹೊರಟವರು ಮೊದಲು ಕೇಳುವುದು ಬಾಡಿ ಬಗ್ಗೆ. ಹ್ಯಾಸೆಲ್‌ಬ್ಲಾಡ್ ತಗೊಳ್ಳೋದಾ, ಮಾಮಿಯಾನಾ, ಪೆಂಟಾಕ್ಸಾ? ಲೆನ್ಸ್ ಯಾವುದೋ ಒಂದು ಜೊತೆಗೆ ಬರುತ್ತಲ್ಲ ಅನ್ನುವ ಧಾಟಿ. ನಾನು ಬಳಸುವುದು ಮಾಮಿಯಾ ಆರ್‌ಬಿ67 ಪ್ರೊ-ಎಸ್. ಇದರ ಮಟ್ಟಿಗೆ ಬಾಡಿ ಅಂದರೆ ಕನ್ನಡಿ ಇಟ್ಟಿರುವ ಒಂದು ಡಬ್ಬ, ಅಷ್ಟೇ. ಶಟರ್, ಅಂದರೆ ಇಟ್ಟಷ್ಟು ಹೊತ್ತು ಬೆಳಕು ಬಿಟ್ಟು ಮುಚ್ಚುವ ಬಾಗಿಲು, ಇರುವುದು ಲೆನ್ಸ್ ಒಳಗೆ. ನಾಲ್ಕು ಲೆನ್ಸ್ ಕೊಂಡರೆ ನಾಲ್ಕು ಶಟರ್ ಕೊಂಡಂತೆ, ನಾಲ್ಕಕ್ಕೂ ಬೇರೆ ಬೇರೆ ವಯಸ್ಸು, ಬೇರೆ ಬೇರೆ ಕಾಯಿಲೆ. ಹಾಗಾಗಿ ಇಲ್ಲಿ ಲೆನ್ಸ್ ಮಾತೇ ಜಾಸ್ತಿ ಬರುತ್ತದೆ.

ಅದಕ್ಕೂ ಮೊದಲು ಫಿಲ್ಮ್ ವಿಷಯ ಮುಗಿಸಿಬಿಡೋಣ. ಈ ಕ್ಯಾಮೆರಾಗಳಿಗೆಲ್ಲ ಹಾಕುವುದು 120 ರೋಲ್. ಕೊಡಕ್ ಕಂಪನಿ 1901ರಲ್ಲಿ ಶುರು ಮಾಡಿದ ಅಳತೆ, ಇವತ್ತಿಗೂ ಅದೇ ನಡೆಯುತ್ತಿದೆ. ಸುಮಾರು ಆರು ಸೆಂ.ಮೀ. ಅಗಲ, ಬೆನ್ನಿಗೆ ಉದ್ದಕ್ಕೂ ಕಾಗದ. ನಮ್ಮ ಮನೆಗಳಿಗೆ ಇದೇನು ಹೊಸದಲ್ಲ. ನಿಮ್ಮ ಅಜ್ಜನ ಬೀರುವಿನಲ್ಲಿ ಅಗ್ಫಾ ಕ್ಲಿಕ್ ಇದ್ದರೆ ಅದರೊಳಗೆ ಹೋಗುತ್ತಿದ್ದದ್ದು ಇದೇ ರೋಲ್, ಒಂದಕ್ಕೆ 12 ಚೌಕ ಫೋಟೊ. ಅಪ್ಪ ಅಮ್ಮನ ಮದುವೆ ಆಲ್ಬಮ್ಮಿನಲ್ಲಿ ಫೋಟೊ ಎಲ್ಲ ಚೌಕವಾಗಿದ್ದರೆ ತೆಗೆದವರ ಕೈಯಲ್ಲಿ ಬಹುಶಃ ಯಾಶಿಕಾನೋ ರೋಲಿಕಾರ್ಡೋ ಇತ್ತು. ನೆಗೆಟಿವ್ ದೊಡ್ಡದಾಗಿದ್ದರಿಂದಲೇ ಆಗಿನ ಸ್ಟುಡಿಯೋದವರು ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೇ ಮುಖದ ಕಲೆ ತಿದ್ದುತ್ತಿದ್ದರು. 35 ಎಂಎಂ ನೆಗೆಟಿವ್ ಮೇಲೆ ಆ ಕೆಲಸ ಮಾಡಿ ನೋಡಿ, ಪೆನ್ಸಿಲ್ ಮೊನೆಯೇ ಮೂಗಿನಷ್ಟು ದಪ್ಪ ಇರುತ್ತದೆ.

ಆರ್‌ಬಿ67ರಲ್ಲಿ ಒಂದು ರೋಲಿಗೆ ಹತ್ತೇ ಫೋಟೊ. ಆರು-ಏಳು ಸೆಂ.ಮೀ. ಅಳತೆ, 35 ಎಂಎಂ ನೆಗೆಟಿವ್‌ನ ನಾಲ್ಕೂವರೆ ಪಟ್ಟು ದೊಡ್ಡದು. ಕ್ಯಾಮೆರಾ 1970ರಲ್ಲಿ ಬಂತು, ಪ್ರೊ-ಎಸ್ 1974ರಲ್ಲಿ. ಆರ್‌ಬಿ ಅಂದರೆ ರಿವಾಲ್ವಿಂಗ್ ಬ್ಯಾಕ್. ಉದ್ದ ಫೋಟೊ ಬೇಕೋ ಅಡ್ಡ ಬೇಕೋ, ಫಿಲ್ಮ್ ಕೂರುವ ಹಿಂದಿನ ಡಬ್ಬಿ, ಅಂದರೆ ಫಿಲ್ಮ್ ಬ್ಯಾಕನ್ನು ಮಾತ್ರ ತಿರುಗಿಸಿದರೆ ಆಯಿತು, ಕ್ಯಾಮೆರಾ ಇದ್ದಲ್ಲೇ ಇರುತ್ತದೆ. ಲೆನ್ಸ್ ಸೇರಿ ಎರಡೂವರೆ ಕೆಜಿ ಮೇಲೆ ತೂಗುವ ಕ್ಯಾಮೆರಾವನ್ನು ಪಕ್ಕಕ್ಕೆ ಮಗುಚಿ ಹಿಡಿಯುವುದು ಯಾರಿಂದ ಸಾಧ್ಯ ಹೇಳಿ. ಬ್ಯಾಟರಿ ಇಲ್ಲ, ಬೆಳಕು ಅಳೆಯುವ ಮೀಟರ್ ಇಲ್ಲ. ಕೆಡುವುದಕ್ಕೆ ಎಲೆಕ್ಟ್ರಾನಿಕ್ಸೇ ಇಲ್ಲದ್ದರಿಂದ ಐವತ್ತು ವರ್ಷದ ಬಾಡಿಗಳೂ ಆರಾಮಾಗಿ ಕೆಲಸ ಮಾಡುತ್ತಿವೆ. ಬಾಡಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಫಿಲ್ಮ್ ಬ್ಯಾಕಿನ ಅಂಚಿನಲ್ಲಿರುವ ಕಪ್ಪು ಫೋಮ್ ಮಾತ್ರ ನೋಡಿ. ಮುಟ್ಟಿದರೆ ಅಂಟು ಅಂಟಾಗಿ ಉದುರುತ್ತಿದ್ದರೆ ಬದಲಾಯಿಸಬೇಕು, ಇಲ್ಲದಿದ್ದರೆ ಬೆಳಕು ನುಗ್ಗುತ್ತದೆ.

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಅಂತ ಒಮ್ಮೆ ತಿಳಿದುಕೊಂಡರೆ ಲೆನ್ಸ್‌ಗೆ ಯಾಕಿಷ್ಟು ಮಹತ್ವ ಅನ್ನುವುದು ಅರ್ಥವಾಗುತ್ತದೆ. ಪಕ್ಕದ ದೊಡ್ಡ ಲಿವರ್ ಒತ್ತಿದರೆ ಕನ್ನಡಿ ಕೆಳಗಿಳಿಯುತ್ತದೆ, ಅದೇ ಏಟಿಗೆ ಲೆನ್ಸಿನ ಶಟರ್ ಸ್ಪ್ರಿಂಗ್ ಬಿಗಿಯಾಗುತ್ತದೆ. ಈಗ ಶಟರ್ ತೆರೆದೇ ಇದೆ, ಇಲ್ಲದಿದ್ದರೆ ಮೇಲಿನಿಂದ ಬಗ್ಗಿ ನೋಡುವ ನಮಗೆ ಏನೂ ಕಾಣುತ್ತಿರಲಿಲ್ಲ. ಬಟನ್ ಒತ್ತಿದ ಕೂಡಲೇ ಶಟರ್ ಮುಚ್ಚುತ್ತದೆ, ಕನ್ನಡಿ ಧಡಕ್ ಅಂತ ಮೇಲೇಳುತ್ತದೆ, ಶಟರ್ ಮತ್ತೆ ತೆರೆದು ಇಟ್ಟಷ್ಟು ಹೊತ್ತು ಬೆಳಕು ಬಿಟ್ಟು ಮತ್ತೆ ಮುಚ್ಚುತ್ತದೆ. ಕನ್ನಡಿ ಮೇಲೆಯೇ ನಿಂತುಬಿಡುತ್ತದೆ, ಮುಂದಿನ ಸಲ ಲಿವರ್ ಒತ್ತುವ ತನಕ ವ್ಯೂಫೈಂಡರ್ ಕತ್ತಲೆ. ಫಿಲ್ಮ್ ಮುಂದೆ ಹೋಗಲು ಬ್ಯಾಕಿನಲ್ಲಿ ಬೇರೆಯೇ ಲಿವರ್. ಎರಡು ಲಿವರ್ ಯಾಕೆ ಅಂತ ಮೊದಮೊದಲು ಎಲ್ಲರೂ ಗೊಣಗುತ್ತಾರೆ, ಒಂದೆರಡು ರೋಲ್ ಆದಮೇಲೆ ಕೈ ತಾನೇ ಮಾಡುತ್ತದೆ. ಇಷ್ಟು ಕೆಲಸದಲ್ಲಿ ನಾಜೂಕಿನ ಭಾಗವೆಲ್ಲ, ಅಂದರೆ ಸೆಕೆಂಡಿನ ನಾನೂರನೇ ಒಂದು ಭಾಗ ಎಣಿಸುವ ಕೆಲಸ, ಲೆನ್ಸಿನದು.

ಹಾಗಾಗಿ ಹಳೇ ಲೆನ್ಸ್ ಕೊಳ್ಳುವಾಗ ಗಾಜು ಒಂದೇ ನೋಡಿದರೆ ಸಾಲದು. ತೀರ್ಥಹಳ್ಳಿಯಲ್ಲಿ ನಮ್ಮ ಮನೆ ಹತ್ತಿರ ಸ್ಟುಡಿಯೋ ಇಟ್ಟಿದ್ದ ಹಿರಿಯರೊಬ್ಬರು ಇದ್ದಾರೆ, ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ನನ್ನ 127 ಎಂಎಂ ಲೆನ್ಸ್ ಬಂದಾಗ ಅವರಿಗೆ ತೋರಿಸಿದೆ. ನಾನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರೆ ಅವರು ಕಸಿದುಕೊಂಡು ಕಿವಿ ಹತ್ತಿರ ಇಟ್ಟುಕೊಂಡರು. “ಕಣ್ಣಲ್ಲಿ ನೋಡಿದ್ರೆ ಏನು ಗೊತ್ತಾಗತ್ತೆ ಮಾರಾಯ, ಇದನ್ನ ಕೇಳ್ಬೇಕು” ಅಂದರು. ಕ್ಯಾಮೆರಾ ಬೇಕಾಗಿಲ್ಲ. ಲೆನ್ಸಿನ ಹಿಂಬದಿಯಲ್ಲಿರುವ ಎರಡು ಪಿನ್ನುಗಳನ್ನು ಬೆರಳಲ್ಲಿ ಒಟ್ಟಿಗೆ ತಿರುಗಿಸಿ ಕಟ್ ಅನ್ನುವವರೆಗೆ ತಂದರೆ ಶಟರ್ ಸಿದ್ಧ. ಸ್ಪೀಡ್ 1 ಸೆಕೆಂಡಿಗೆ ಇಟ್ಟು, ಪಕ್ಕದ ಸಣ್ಣ ರಿಲೀಸ್ ಪಿನ್ ಒತ್ತಿ. ಒಂದೇ ಹದದಲ್ಲಿ ಜ್ರ್ರ್ರ್ರ್ ಅಂತ ಓಡಿ ಟಕ್ ಅಂತ ನಿಲ್ಲಬೇಕು. ನಡುವೆ ತೊದಲಿದರೆ, ಅಥವಾ ಎರಡು ಸೆಕೆಂಡ್ ಎಳೆದರೆ, ಒಳಗಿನ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ಸರ್ವಿಸ್ ಮಾಡಿಸಿದರೆ ಸರಿಹೋಗುತ್ತದೆ. ಆದರೆ ಇಂಥ ಶಟರ್ ಬಿಚ್ಚಿ ಕೂರಿಸುವವರನ್ನು ಈಗ ಹುಡುಕಿಕೊಂಡು ಹೋಗಬೇಕು, ಆ ಖರ್ಚು ಲೆನ್ಸ್ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಆನ್‌ಲೈನಲ್ಲಿ, ಅದರಲ್ಲೂ ಜಪಾನಿನಿಂದ ತರಿಸುವವರು, 1 ಸೆಕೆಂಡ್ ಮತ್ತು 1/2 ಸೆಕೆಂಡ್ ಶಟರ್ ಓಡುವ ವಿಡಿಯೊ ಕಳಿಸಿ ಅಂತ ಕೇಳಿ. ಆ ಆಡಿಯೊವನ್ನು ಫೋನಿನ ಯಾವುದಾದರೂ ರೆಕಾರ್ಡಿಂಗ್ ಆ್ಯಪಿಗೆ ಹಾಕಿದರೆ ಶಬ್ದದ ಅಲೆ ಕಾಣುತ್ತದೆ, ಶುರುವಿನಿಂದ ಕೊನೆಯ ಟಕ್ ತನಕ ಎಷ್ಟು ಉದ್ದ ಅಂತ ಅಳೆಯಬಹುದು. ನಿಧಾನದ ಸ್ಪೀಡುಗಳಿಗೆ ಇಷ್ಟು ಸಾಕು. 1/400ಕ್ಕೆ ಈ ಉಪಾಯ ನಡೆಯುವುದಿಲ್ಲ. ಮಾರುವವರು ಬರೆಯುವ ‘ಎಕ್ಸಲೆಂಟ್’, ಅದರ ಮುಂದಿನ ಐದಾರು ಪ್ಲಸ್ ಗುರುತು, ಇವನ್ನೆಲ್ಲ ನಂಬಿ ದುಡ್ಡು ಕೊಡಬೇಡಿ.

ಇನ್ನು ಫಂಗಸ್. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ ಬೂಸಲು ಹಿಡಿಯುವ ಊರಿನಲ್ಲಿ ಲೆನ್ಸ್ ಬಿಡುತ್ತಾ? ಸ್ಪೀಡನ್ನು ಟಿಗೆ (ನಾವೇ ಮುಚ್ಚುವ ತನಕ ಶಟರ್ ತೆರೆದಿರುವ ಗುರುತು) ಇಟ್ಟು ಶಟರ್ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆಗಳು ಎಷ್ಟಿದ್ದರೂ ಫೋಟೊಗೆ ತೊಂದರೆ ಇಲ್ಲ. ಅಂಚಿನಿಂದ ಒಳಕ್ಕೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಮಂಜು ಕವಿದಂತೆ ಇದ್ದರೆ ಹೇಜ್, ಅದು ಕಾಂಟ್ರಾಸ್ಟನ್ನೇ ತಿನ್ನುತ್ತದೆ. ಕೊಂಡಮೇಲೆ ಇಡುವುದು ಎಲ್ಲಿ? ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಸಿಲಿಕಾ ಜೆಲ್ ಹಾಕಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಹಳೇ ಚರ್ಮದ ಕೇಸ್ ಮಾತ್ರ ಬೇಡವೇ ಬೇಡ, ಎಷ್ಟು ಚೆನ್ನಾಗಿ ಕಂಡರೂ ಸರಿ. ತೇವ ಹಿಡಿದಿಡುವುದರಲ್ಲಿ ಚರ್ಮದ ಮುಂದೆ ಇನ್ನೊಂದಿಲ್ಲ.

ಈಗ ಯಾವ ಲೆನ್ಸ್? ಮೊದಲು ಒಂದೇ ತಗೊಳ್ಳಿ. ಫೋಕಲ್ ಲೆಂತ್ (ಲೆನ್ಸಿನ ಎಂಎಂ ಸಂಖ್ಯೆ, ಕಮ್ಮಿ ಇದ್ದಷ್ಟೂ ಅಗಲ ನೋಟ) ನೋಡಿ ಗಾಬರಿ ಆಗಬೇಡಿ, ಸಂಖ್ಯೆಯನ್ನು ಅರ್ಧ ಮಾಡಿದರೆ 35 ಎಂಎಂ ಕ್ಯಾಮೆರಾದ ಲೆಕ್ಕ ಹೆಚ್ಚುಕಡಿಮೆ ಸಿಗುತ್ತದೆ. 50 ಅಂದರೆ 25ರಷ್ಟು ಅಗಲ, 65 ಅಂದರೆ 32, 90 ಅಂದರೆ 45, 127 ಅಂದರೆ ಅರವತ್ತರ ಆಸುಪಾಸು, 180 ಅಂದರೆ 90. ಎಲ್ಲರೂ ಹೇಳುವುದು 90 ತಗೊಳ್ಳಿ ಅಂತ, ಅದೇ ನಾರ್ಮಲ್ ಲೆನ್ಸ್. ನನ್ನ ಓಟು 127ಕ್ಕೆ. ಈ ಕ್ಯಾಮೆರಾ ಹಿಡಿದು ಬೀದಿಯಲ್ಲಿ ಓಡಾಡಿ ಫೋಟೊ ತೆಗೆಯಲು ಆಗುವುದಿಲ್ಲ, ಟ್ರೈಪಾಡ್ ಮೇಲೆ ಇಟ್ಟು ಎದುರಿಗೆ ಯಾರನ್ನೋ ಕೂರಿಸಿ ತೆಗೆಯುವುದೇ ಜಾಸ್ತಿ. ಆಗ 90ರಲ್ಲಿ ಮುಖ ತುಂಬಿಸಲು ತುಂಬ ಹತ್ತಿರ ಹೋಗಬೇಕು, ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. 180ಕ್ಕೆ ನಮ್ಮ ಮನೆಗಳ ಹಾಲ್ ಸಾಲುವುದಿಲ್ಲ, ಅಡುಗೆಮನೆಗೆ ಹೋಗಿ ನಿಂತು ತೆಗೆಯಬೇಕು. 127 ಜಗಲಿಗೂ ಆಗುತ್ತದೆ, ತೋಟಕ್ಕೂ ಆಗುತ್ತದೆ. ಬೆಟ್ಟ, ದೇವಸ್ಥಾನದ ಗೋಪುರ ತೆಗೆಯುವುದೇ ನಿಮ್ಮ ಆಸೆ ಅಂದರೆ ಮಾತ್ರ 65 ನೋಡಿ. ಲೆನ್ಸ್ ಮೇಲೆ ‘ಸಿ’ ಅಂತ ಇರುವುದನ್ನೇ ಆರಿಸಿ, ಅದು ಗಾಜಿನ ಪ್ರತಿಫಲನ ತಡೆಯುವ ಮಲ್ಟಿಕೋಟಿಂಗ್ ಇರುವ ಸರಣಿ, ಎದುರು ಬೆಳಕಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಎಫ್ ಸಂಖ್ಯೆ ಅಂದರೆ ಅಪರ್ಚರ್, ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ, ಸಂಖ್ಯೆ ಕಮ್ಮಿಯಾದಷ್ಟೂ ಬಾಯಿ ದೊಡ್ಡದು. 127 ಪೂರ್ತಿ ತೆರೆದರೂ ಎಫ್ 3.8 ಅಷ್ಟೇನಾ ಅಂತ ಡಿಜಿಟಲ್‌ನಿಂದ ಬಂದವರು ಮೂಗು ಮುರಿಯುತ್ತಾರೆ. 127ನ್ನು ಎಫ್ 3.8ಕ್ಕೆ ಇಟ್ಟು ಒಂದೂವರೆ ಮೀಟರ್ ದೂರದಲ್ಲಿ ಕೂತವರ ಫೋಟೊ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಆರು ಸೆಂ.ಮೀ. ಮಾತ್ರ. ಕಣ್ಣು ಚೂಪು, ಕಿವಿ ಮಸುಕು, ಅವರು ಉಸಿರಾಡಿ ಚೂರು ಮುಂದೆ ವಾಲಿದರೆ ಕಣ್ಣೂ ಹೋಯಿತು. ಎಫ್ 8ಕ್ಕೆ ಇಟ್ಟರೆ ಹದಿಮೂರು ಸೆಂ.ಮೀ. ಸಿಗುತ್ತದೆ. ಮುಖಕ್ಕೆ ನಾನು ಎಫ್ 8ರಿಂದ 11ರ ನಡುವೆಯೇ ಇರುತ್ತೇನೆ. ವ್ಯೂಫೈಂಡರಿನ ಮುಚ್ಚಳದಲ್ಲಿ ಮಡಚಿಟ್ಟ ಸಣ್ಣ ಭೂತಗನ್ನಡಿ ಇರುತ್ತದೆ, ಅದನ್ನು ಎಬ್ಬಿಸಿ ರೆಪ್ಪೆಕೂದಲು ನೋಡಿ ಫೋಕಸ್ ಮಾಡಿ. ಎಡಬಲ ಅದಲುಬದಲು ಕಾಣುತ್ತದೆ, ಅದಕ್ಕೆ ಅಭ್ಯಾಸ ಬಿಟ್ಟು ಬೇರೆ ಮದ್ದಿಲ್ಲ.

ಫೋಕಸ್ ಮಾಡುವ ಗುಂಡಿ ಮಾತ್ರ ಲೆನ್ಸಿನಲ್ಲಿಲ್ಲ, ಬಾಡಿಯಲ್ಲಿದೆ. ಅದನ್ನು ತಿರುಗಿಸಿದರೆ ಬೆಲ್ಲೋಸ್ ಅನ್ನುವ ಮಡಿಕೆಯ ತಿದಿ ಹಿಗ್ಗಿ ಲೆನ್ಸ್ ಪೂರ್ತಿ ಮುಂದೆ ಹೋಗುತ್ತದೆ. ಲಾಭ ಏನೆಂದರೆ ಬೇರೆ ಮ್ಯಾಕ್ರೋ ಲೆನ್ಸ್ ಇಲ್ಲದೆಯೇ ಹೂವಿನ ಹತ್ತಿರ ಹೋಗಬಹುದು. ನಷ್ಟ ಏನೆಂದರೆ ಲೆನ್ಸ್ ಫಿಲ್ಮಿನಿಂದ ದೂರ ಹೋದಷ್ಟೂ ಫಿಲ್ಮಿಗೆ ಬೀಳುವ ಬೆಳಕು ಕಮ್ಮಿ. ಮೀಟರ್ ಹೇಳಿದ್ದಕ್ಕೆ ಅದನ್ನು ನಾವೇ ಸೇರಿಸಬೇಕು. ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು. 127ರಲ್ಲಿ ಒಂದೂವರೆ ಮೀಟರ್ ದೂರಕ್ಕೆ ಕಾಲು ಸ್ಟಾಪ್, ಮರೆತರೂ ನಡೆಯುತ್ತದೆ. ಅರವತ್ತು ಸೆಂ.ಮೀ.ಗೆ ಹೋದರೆ ಮುಕ್ಕಾಲು ಸ್ಟಾಪ್ ಹತ್ತಿರ ಬರುತ್ತದೆ. ಬೆಲ್ಲೋಸ್ ಪೂರ್ತಿ ಎಳೆದರೆ ಒಂದು ಸ್ಟಾಪ್ ಅನ್ನಿ. ಇದೆಲ್ಲ ಬಾಯಿಪಾಠ ಬೇಡ, ಬಾಡಿಯ ಪಕ್ಕದಲ್ಲೇ ಪ್ರತಿ ಲೆನ್ಸಿಗೂ ಒಂದೊಂದು ಗೆರೆ ಎಳೆದ ಪಟ್ಟಿ ಇದೆ, ನೋಡಿಕೊಂಡರೆ ಆಯಿತು.

ಬೆಳಕು ಅಳೆಯಲು ಫೋನಿನ ಮೀಟರ್ ಆ್ಯಪ್ ಧಾರಾಳ ಸಾಕು. ನಡು ಮಧ್ಯಾಹ್ನದ ಬಿಸಿಲಿಗಾದರೆ ಅದೂ ಬೇಡ. 400 ಐಎಸ್‌ಒ ಫಿಲ್ಮ್ (ಐಎಸ್‌ಒ ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ), ಎಫ್ 16, ಸ್ಪೀಡ್ 1/400. ಹಂಪಿಯ ಬಂಡೆಗಳಿಗೆ ಇದು ಅಳತೆ ಮಾಡಿದ ಹಾಗೆ ಹೊಂದುತ್ತದೆ. ಇದಕ್ಕಿಂತ ವೇಗ ಈ ಶಟರಿಗೆ ಇಲ್ಲ, ಹಾಗಾಗಿ ಬಿಸಿಲಲ್ಲಿ ಲೆನ್ಸ್ ಪೂರ್ತಿ ತೆರೆಯಬೇಕು ಅಂದರೆ 100ರ ಫಿಲ್ಮ್ ಹಾಕಿದರೂ ಬೆಳಕು ಕಮ್ಮಿ ಮಾಡುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಫ್ಲ್ಯಾಶ್ ಮಾತ್ರ 1/400ಕ್ಕೂ ಹೊಂದಿಕೊಳ್ಳುತ್ತದೆ, ಲೆನ್ಸಿನೊಳಗೆ ಶಟರ್ ಇರುವುದರ ದೊಡ್ಡ ಸುಖ ಅದು.

ಫಿಲ್ಮ್ ತುಂಬುವುದು ಕಷ್ಟವೇನಲ್ಲ. ಖಾಲಿ ಸ್ಪೂಲ್ ಒಂದು ಕಡೆ, ಹೊಸ ರೋಲ್ ಇನ್ನೊಂದು ಕಡೆ, ಕಾಗದದ ಮೇಲಿನ ಬಾಣದ ಗುರುತು ಬ್ಯಾಕಿನ ಗುರುತಿಗೆ ಬಂದಾಗ ಮುಚ್ಚಿ ಸುತ್ತಿದರೆ 1ಕ್ಕೆ ತಾನೇ ನಿಲ್ಲುತ್ತದೆ. ಮುಗಿದ ರೋಲ್ ತೆಗೆಯುವಾಗ ಹೆಬ್ಬೆರಳಲ್ಲಿ ಅದುಮಿ ಹಿಡಿದು ಬಿಗಿಯಾಗಿ ಸುತ್ತಿ, ಅಂಟುಪಟ್ಟಿ ನೆಕ್ಕಿ ಅಂಟಿಸಿ. ಸಡಿಲ ಬಿಟ್ಟರೆ ಅಂಚಿನಲ್ಲಿ ಬೆಳಕು ತಿಂದಿರುತ್ತದೆ.

ಮೊದಲ ರೋಲ್ ಕಪ್ಪು-ಬಿಳುಪೇ ಇರಲಿ. ಕಲರ್ ರೋಲ್ ಒಂದಕ್ಕೆ ಸಾವಿರ ರೂಪಾಯಿಗೂ ಮೇಲೆ, ತೊಳೆಸಿ ಸ್ಕ್ಯಾನ್ ಮಾಡಿಸುವ ದುಡ್ಡು ಬೇರೆ. ಇಲ್‌ಫರ್ಡ್ ಎಚ್‌ಪಿ5 ಆದರೆ ಮನೆಯಲ್ಲೇ ತೊಳೆಯಬಹುದು. ಫಿಲ್ಮ್ ತೊಳೆಯುವ ಪ್ಯಾಟರ್‌ಸನ್ ಟ್ಯಾಂಕಿಗೆ ಒಂದು 120 ರೋಲ್ ಹಾಕಿದರೆ ಅರ್ಧ ಲೀಟರ್ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಬೇಕು. ಐಡಿ-11 ಅನ್ನುವ ಡೆವಲಪರನ್ನು ಮತ್ತೆ ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ಬೆಂಗಳೂರಿನ ನಲ್ಲಿ ನೀರಿಗೆ 20 ಡಿಗ್ರಿ ಎಲ್ಲಿ ಬರಬೇಕು! ಬಕೆಟ್ಟಿಗೆ ಫ್ರಿಜ್ಜಿನ ಐಸ್ ಹಾಕಿ, ಅದರಲ್ಲಿ ಡೆವಲಪರ್ ಬಾಟಲಿ ನಿಲ್ಲಿಸಿ, ಥರ್ಮಾಮೀಟರ್ ಇಳಿಯುವುದನ್ನು ಕಾಯುತ್ತಾ ಕೂತಿರಬೇಕು.

ಆ ಮೊದಲ ರೋಲಿನಲ್ಲಿ ಒಳ್ಳೇ ಫೋಟೊ ತೆಗೆಯಲು ಹೋಗಬೇಡಿ. ಟ್ರೈಪಾಡ್ ಮೇಲಿಟ್ಟು, ಒಂದೇ ಗೋಡೆಯನ್ನು, ಒಂದೇ ಬೆಳಕಿನಲ್ಲಿ, ಬೇರೆ ಬೇರೆ ಸ್ಪೀಡಿನಲ್ಲಿ ಅದಕ್ಕೆ ತಕ್ಕ ಅಪರ್ಚರ್ ಇಟ್ಟು ತೆಗೆಯಿರಿ. ಎಲ್ಲ ನೆಗೆಟಿವ್ ಒಂದೇ ಗಾಢತೆಯಲ್ಲಿ ಬಂದರೆ ಶಟರ್ ಚೆನ್ನಾಗಿದೆ. ಒಂದೆರಡು ಕಪ್ಪಾಗಿ ಬಂದರೆ ಆ ಸ್ಪೀಡು ನಿಧಾನ ಓಡುತ್ತಿದೆ, ಚೀಟಿ ಬರೆದು ಲೆನ್ಸ್ ಡಬ್ಬದೊಳಗೆ ಹಾಕಿಡಿ. ಎರಡನೇ ಲೆನ್ಸಿನ ಯೋಚನೆ ಇದಾದಮೇಲೆ, ನಿಧಾನಕ್ಕೆ. ನನಗೂ ಈಗ 65 ಬೇಕು ಅನ್ನಿಸಿದೆ, ಒಂದು ಕಣ್ಣಿಗೆ ಬಿದ್ದಿದೆ, ಬೆಲೆಯೂ ಪರವಾಗಿಲ್ಲ. 1 ಸೆಕೆಂಡ್ ಶಟರಿನ ವಿಡಿಯೊ ಕೇಳಿದ್ದಕ್ಕೆ ಮಾರುವವರು ಗಾಜಿನ ಇನ್ನೂ ನಾಲ್ಕು ಫೋಟೊ ಕಳಿಸಿದ್ದಾರೆ. ಮತ್ತೆ ಕೇಳಿದ್ದೇನೆ.