ಬಣ್ಣ, ತೂಕ, ಒರೆ: ಮಲೆನಾಡಿನಲ್ಲಿ ಅದಿರನ್ನು ಗುರುತಿಸುವ ಬಗೆ

ರಾಸಾಯನಿಕ ಸೂತ್ರಗಳಿಲ್ಲದ ಕಾಲದಲ್ಲಿ ಖನಿಜಗಳ ಬಗ್ಗೆ ಬರೆದವರಿಗೆ ಕಲ್ಲಿನ ಗುಣ ಮತ್ತು ಅದು ಸಿಗುವ ನೆಲ ಬೇರೆ ಬೇರೆ ವಿಷಯಗಳಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಕರಾಧ್ಯಕ್ಷನ, ಅಂದರೆ ಗಣಿಗಳ ಮೇಲಧಿಕಾರಿಯ, ಕೆಲಸವನ್ನು ವಿವರಿಸುವ ಭಾಗವನ್ನು ಓದಿದಾಗಲೆಲ್ಲ ನನಗೆ ಹೀಗೆ ಅನ್ನಿಸುತ್ತದೆ. ಕಿಟ್ಟ (ಅದಿರು ಕರಗಿಸಿದಾಗ ಉಳಿಯುವ ಕಸ), ಮೂಸೆ (ಲೋಹ ಕರಗಿಸುವ ಪಾತ್ರೆ), ಇದ್ದಿಲು, ಬೂದಿ ಕಂಡಲ್ಲಿ ಹಿಂದೆ ಗಣಿಯಿತ್ತೆಂದು ತಿಳಿಯಬೇಕು. ಹೊಸ ನೆಲವಾದರೆ ಅಲ್ಲಿನ ಮಣ್ಣು, ಕಲ್ಲು, ನೀರುಗಳ ಗಾಢವಾದ ಬಣ್ಣ, ಮಿಗಿಲಾದ ತೂಕ, ಕಟುವಾದ ವಾಸನೆ ಮತ್ತು ರುಚಿಗಳಿಂದ ಪರೀಕ್ಷಿಸಬೇಕು ಎಂಬುದು ಅಲ್ಲಿನ ಸೂಚನೆ. ಕಬ್ಬಿಣದ ಅದಿರಿನ ಬಣ್ಣಗಳಲ್ಲಿ ಒಂದನ್ನು ಸಿಂದುವಾರದ, ಅಂದರೆ ನಮ್ಮ ಹಳ್ಳದ ದಂಡೆಗಳಲ್ಲಿ ಬೆಳೆಯುವ ಲಕ್ಕಿ ಗಿಡದ, ಹೂವಿಗೆ ಹೋಲಿಸಲಾಗಿದೆ. ಆಗತಾನೆ ಒಡೆದ ಹೊಳಪಿನ ಅದಿರಿನ ಮೇಲೆ ಸುಳಿಯುವ ನೀಲಿ ಛಾಯೆಯನ್ನು ನೋಡಿದವರಿಗೆ ಈ ಹೋಲಿಕೆ ಎಷ್ಟು ಸೂಕ್ಷ್ಮವೆಂದು ತಿಳಿದೀತು.

ಮಲೆನಾಡಿನಲ್ಲಿ ಈ ಬಗೆಯ ಕಣ್ಣು ಹೆಚ್ಚು ಅಗತ್ಯ. ಇಲ್ಲಿ ಬಂಡೆ ಬಯಲಿಗೆ ಬರುವುದು ಕಡಿಮೆ. ಕಾಡು, ತರಗೆಲೆ, ಅದರಡಿ ಜಂಬಿಟ್ಟಿಗೆ ಕಲ್ಲಿನ ದಪ್ಪ ಪದರ ಎಲ್ಲವನ್ನೂ ಮುಚ್ಚಿರುತ್ತವೆ. ಆದ್ದರಿಂದ ಹುಡುಕುವವರು ಬಾವಿ ತೋಡಿದ ಮಣ್ಣು, ಹಳ್ಳ ಕೊರೆದ ದಡ ಮತ್ತು ಹಳೆಯ ಕಿಟ್ಟದ ಗುಡ್ಡೆಗಳನ್ನೇ ನಂಬಬೇಕಾಗುತ್ತದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನಗರ (ಬಿದನೂರು), ಶಿವಮೊಗ್ಗಗಳನ್ನೂ ಕಂಡ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್‌ಗೆ ಕೃಷಿಯ ಜೊತೆಗೆ ಗಣಿ ಮತ್ತು ಖನಿಜಗಳ ವಿವರ ಸಂಗ್ರಹಿಸುವ ಹೊಣೆಯೂ ಇತ್ತು. ಕಪ್ಪು ಮರಳನ್ನು ತೊಳೆದು, ಇದ್ದಿಲು ತುಂಬಿ, ತಿದಿಯೊತ್ತಿ ಕಬ್ಬಿಣ ಕರಗಿಸುವವರ ಕೆಲಸವನ್ನು ಆತ ವಿವರವಾಗಿ ಬರೆದಿಟ್ಟ.

ಯುರೋಪಿನಲ್ಲಿ 1774ರಲ್ಲಿ ಜರ್ಮನ್ ಖನಿಜ ವಿಜ್ಞಾನಿ ವೆರ್ನರ್ ಬಣ್ಣ, ಹೊಳಪು, ಒಡೆಯುವ ರೀತಿ, ಗಡಸುತನ, ತೂಕ, ಸ್ಪರ್ಶಗಳನ್ನು ಕ್ರಮಬದ್ಧವಾದ ಲಕ್ಷಣಗಳನ್ನಾಗಿ ಮಾಡಿದ. 1812ರಲ್ಲಿ ಇನ್ನೊಬ್ಬ ಜರ್ಮನ್ ಖನಿಜ ವಿಜ್ಞಾನಿ ಮೋಸ್ ಅತಿ ಮೆತ್ತನೆಯ ಟಾಲ್ಕಿನಿಂದ ಅತಿ ಗಟ್ಟಿಯಾದ ವಜ್ರದವರೆಗೆ ಹತ್ತು ಮೆಟ್ಟಿಲುಗಳ ಗಡಸುತನದ ಮಾಪಕವನ್ನು ಕೊಟ್ಟ. ಇವೆಲ್ಲವುಗಳಲ್ಲಿ ನನಗೆ ಅತಿ ನೆಚ್ಚಿನದು ಒರೆಯ ಪರೀಕ್ಷೆ. ಹೊರನೋಟಕ್ಕೆ ಒಂದೇ ತರಹ ಕಪ್ಪಾಗಿರುವ ಕಲ್ಲುಗಳನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ, ಟೈಲ್ಸಿನ ಹಿಂಬದಿಯಾದರೂ ಸಾಕು, ಎಳೆದು ನೋಡಿ. ಕಬ್ಬಿಣದ ಅದಿರುಗಳಲ್ಲಿ ಹೆಮಟೈಟ್ ಕೆಂಪು ಗೆರೆ ಬಿಡುತ್ತದೆ, ಲಿಮೊನೈಟ್ ಹಳದಿ ಮಿಶ್ರಿತ ಕಂದು ಗೆರೆ ಬಿಡುತ್ತದೆ, ಮ್ಯಾಗ್ನಟೈಟಿನ ಗೆರೆ ಕಪ್ಪಾಗಿದ್ದು ಆ ಕಲ್ಲು ಅಯಸ್ಕಾಂತಕ್ಕೂ ಅಂಟಿಕೊಳ್ಳುತ್ತದೆ. ಮ್ಯಾಂಗನೀಸಿನ ಅದಿರಾದ ಪೈರೊಲುಸೈಟಿನದೂ ಕಪ್ಪು ಗೆರೆಯೇ. ಆದರೆ ಮೆತ್ತಗಿರುವ ಅದನ್ನು ಮುಟ್ಟಿದರೆ ಬೆರಳಿಗೇ ಮಸಿ ಹತ್ತುತ್ತದೆ, ಅಯಸ್ಕಾಂತಕ್ಕೆ ಅದು ಅಲುಗುವುದಿಲ್ಲ.

ಈ ಕೊನೆಯ ಕಲ್ಲಿಗೆ ಶಿವಮೊಗ್ಗ ಬಳಿಯ ನಮ್ಮ ಕುಂಸಿಯೇ ಹೆಸರುವಾಸಿ. ಭಾರತದ ಮ್ಯಾಂಗನೀಸ್ ನಿಕ್ಷೇಪಗಳನ್ನು ಕುರಿತು ಭೂವಿಜ್ಞಾನಿ ಫರ್ಮರ್ ಬರೆದ ಬೃಹತ್ ವರದಿ 1909ರಲ್ಲಿ ಹೊರಬಂತು. ಅದೇ ವರ್ಷ ಮೈಸೂರಿನಲ್ಲಿ ಸಂಸ್ಕೃತ ವಿದ್ವಾಂಸ ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಮೂಲಪಾಠವನ್ನು ಅಚ್ಚು ಹಾಕಿಸಿದರು. ಮುಂದೆ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋದ ಕಥೆ ಎಲ್ಲರಿಗೂ ತಿಳಿದದ್ದೇ. ಸಣ್ಣ ಕುಲುಮೆಗಳು ಬಿಟ್ಟುಹೋದ ಕಿಟ್ಟದ ಕಥೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ.

ಅಡಿಕೆ ತೋಟಕ್ಕೆ ಮಣ್ಣು ಹಾಕುವಾಗಲೋ ರಸ್ತೆ ಅಗಲ ಮಾಡುವಾಗಲೋ ರಂಧ್ರಗಳಿರುವ, ಗಾತ್ರಕ್ಕೆ ಮೀರಿದ ತೂಕದ ಕಪ್ಪು ಗಟ್ಟಿಗಳು ಸಿಕ್ಕರೆ ದಯವಿಟ್ಟು ಎಸೆಯುವ ಮುನ್ನ ಜಾಗವನ್ನು ಬರೆದಿಡಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಎಷ್ಟೋ ಊರುಗಳು ಹೋಗಿರುವುದರಿಂದ, ಊರಿನಿಂದ ಇಷ್ಟು ಮೈಲಿ ಎಂಬ ಹಳೆಯ ಗುರುತು ಹಲವೆಡೆ ಈಗ ನಿಲ್ಲುವುದಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರು, ಹತ್ತಿರದ ಹಳ್ಳ, ಒರೆಯ ಬಣ್ಣ ಇಷ್ಟಿದ್ದರೆ ಮುಂದೆ ಹುಡುಕುವವರು ಆ ಜಾಗಕ್ಕೆ ತಲುಪಬಲ್ಲರು.